ಸರ್ಕಾರದ ಸಂತಿ ಚೀಲದಾಗ ಏನೇನೈತಿ?

ದೀಪಾವಳಿ ಮುಗಿದು ಸ್ವಲ್ಪ ದಿನ ಆಗಿತ್ತು. ನಮ್ಮನಿಗೆ ರೊಟ್ಟಿ ಬಡಿಯಾಕ ಬರೋ ಅಕ್ಕ ಹಂಚಿನ ಮ್ಯಾಲಿನ ರೊಟ್ಟಿಗೆ ನೀರ ಅರಿವಿ ಸವರಕೋತ ಒಂದು ಮಾತು ಕೇಳಿದಳು. "ಅಕ್ಕಾರ, ನಿನ್ನಿ ರಾತ್ರಿ ಟಿವಿಯಾಗ ತುಟ್ಟಿ ಇಳದೈತಿ ಅಂತ ಹೇಳಿದ್ರು. ಎಲ್ಲಿ ಇಳದೈತ್ರಿ? ನಮ್ಮ ಓಣ್ಯಾಗಂತೂ ಬಾಡಗಿ ಏರೈತಿ, ಗುಳಗಿ ರೊಕ್ಕ ಏರೈತಿ, ಮೊಮ್ಮಗಳ ಸಾಲಿ ಗಾಡಿದೂ ಏರೈತಿ."

ನಾ ಏನರ ಹೇಳಬೇಕು ಅನ್ನೋದ್ರಾಗ ಪಡಸಾಲ್ಯಾಗ ಕುಂತ ನಮ್ಮ ಅತ್ತಿಯವರು ಕೂಗಿದ್ರು: "ನನ್ನ ತುಟ್ಟಿಭತ್ಯೆ ಜಮಾ ಆಗೈತೇನ ನೋಡವ್ವ." ಮಾವನವರು ಸಾಲಿ ಮಾಸ್ತರ ಇದ್ದವರು, ಅತ್ತಿಯವರಿಗೆ ಕುಟುಂಬ ಪಿಂಚಣಿ ಬರತೈತಿ.

ಒಂದ ಮನಿ, ಒಂದ ಮುಂಜಾನೆ, ಇಬ್ಬರು ಹೆಣ್ಣಮಕ್ಕಳು. ಒಬ್ಬರ ರೊಕ್ಕ ತುಟ್ಟಿ ಏರಿದಂಗ ತಾನ ಏರತೈತಿ. ಇನ್ನೊಬ್ಬಾಕಿ ರೊಕ್ಕ ನಾ ಏರಿಸಿದ್ರ ಏರತೈತಿ, ಇಲ್ಲಂದ್ರ ಇಲ್ಲ. ಅವತ್ತ ಎಣಿಸಿ ನೋಡಿದೆ. ಆಕಿ ಪಗಾರ ತಿಂಗಳಿಗೆ 1500 ಅಂತ 2022ರ ಜನವರಿಯಾಗ ಗೊತ್ತು ಮಾಡಿದ್ದು. ನಾಕ್ ವರ್ಷ ಹತ್ತಿರ ಬಂತು, ಇನ್ನೂ ಅಷ್ಟ ಐತಿ. ನಾಚಿಕಿ ಆತು. ಎಷ್ಟು ಏರಿಸೋದು ಬರೋಬ್ಬರಿ ಅಂತ ತಿಳಕೊಳ್ಳಾಕ ಕುಂತೆ. ಹಂಗ ಕುಂತಾಗ ತಿಳದದ್ದು, ಈ ತುಟ್ಟಿ ಅಳಿಯೋ ಕೆಲಸಕ್ಕ ಒಂದು ದೊಡ್ಡ ಕತಿನ ಐತಿ ಅಂತ. ಅದನ್ನ ಇವತ್ತ ನಿಮಗ ಹೇಳತೀನಿ.

ಮೊದಲು ಆಕಿ ಪ್ರಶ್ನಿಗೆ ಉತ್ತರ. 2025ರ ಅಕ್ಟೋಬರ್ ತಿಂಗಳ ಚಿಲ್ಲರೆ ಹಣದುಬ್ಬರ ನೂರಕ್ಕ 0.25 ಅಂತ ಸರ್ಕಾರ ಹೇಳಿತ್ತು. ಆ ಸರಣಿಯೊಳಗ ಅಷ್ಟು ಕಮ್ಮಿ ಹಿಂದ ಯಾವತ್ತೂ ಬಂದಿರಲಿಲ್ಲ. ಆದ್ರ ಹಣದುಬ್ಬರ ಇಳೀತು ಅಂದ್ರ ದರ ಇಳೀತು ಅಂತ ಅರ್ಥ ಅಲ್ಲ. ಚಕ್ಕಡಿ ದಿಬ್ಬ ಏರಾಕ ಹತ್ತೈತಿ ಅಂತ ತಿಳಕೊಳ್ರಿ. ಎತ್ತು ಮೆತ್ತಗ ನಡದ್ರ ಓಟ ಕಮ್ಮಿ ಆತು ಅಷ್ಟ, ಚಕ್ಕಡಿ ಕೆಳಗ ಇಳದು ಬರಲಿಲ್ಲ. 1500 ರೂಪಾಯಿ ಗೊತ್ತು ಮಾಡಿದ ದಿನದಿಂದ ಚಕ್ಕಡಿ ಎಷ್ಟು ಮ್ಯಾಲ ಹೋಗೈತಿ ಅನ್ನೋದು ಆಕಿಗೆ ಮುಖ್ಯ, ಈ ತಿಂಗಳ ಓಟ ಅಲ್ಲ.

ಮತ್ತ ಆ ತಿಂಗಳು ಓಟ ಕಮ್ಮಿ ಆಗಿದ್ದು ಬಹುತೇಕ ಕಾಯಿಪಲ್ಲೆ, ಬ್ಯಾಳಿ ದರ ಬಿದ್ದದ್ದಕ್ಕ. ಉಳ್ಳಾಗಡ್ಡಿ ಸೋವಿ ಆದ್ರ ತಗೊಳ್ಳೋರ ಚೀಲ ತುಂಬತೈತಿ, ಬೆಳದವರ ಕಣ್ಣಾಗ ನೀರು ತುಂಬತಾವ. ಅದು ಗದಗ ಸೀಮಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಾಡಗಿ, ದವಾಖಾನಿ, ಸಾಲಿ ಫೀ ಮಾತ್ರ ಇಳಿಯೋ ಜಾತಿ ಅಲ್ಲ.

ಹಿಂದಿನ ಕಾಲದಾಗ ಇದನ್ನ ಹೆಂಗ ಅಳೀತಿದ್ರು? ಅಳೀತಿರಲಿಲ್ಲ, ಅಳಿಯೋ ಜರೂರತ್ತೂ ಅಷ್ಟು ಇರಲಿಲ್ಲ. ನಮ್ಮ ಅವ್ವ ಸಣ್ಣಾಕಿ ಇದ್ದಾಗ ಕಳೆ ತೆಗೆದ್ರೂ ಕಾಳು, ರಾಶಿ ಮಾಡಿದ್ರೂ ಕಾಳು. ಕೂಲಿ ಅಂದ್ರ ಸೇರಿನ ಲೆಕ್ಕದಾಗ ಜ್ವಾಳ. ಆಯಗಾರರಿಗೂ ಕಣದಾಗ ಕಾಳ ಕೊಡೋರು. ಜ್ವಾಳ ತುಟ್ಟಿ ಆದ್ರ ಕೂಲಿನೂ ತುಟ್ಟಿ, ಸೋವಿ ಆದ್ರ ಕೂಲಿನೂ ಸೋವಿ. ಅರಿವಿಗೆ, ಔಷಧಕ್ಕ ತ್ರಾಸ ಇತ್ತು, ಅದು ಖರೆ. ಆದ್ರ ಹೊಟ್ಟಿಗೆ ಎರಡು ರೊಟ್ಟಿ ಅನ್ನೋದಕ್ಕ ಯಾವ ಸೂಚ್ಯಂಕನೂ ಬೇಕಾಗಿರಲಿಲ್ಲ. ಕೂಲಿ ರೊಕ್ಕ ಆದಾಗ ತೊಡಕು ಸುರು ಆತು. ರೊಕ್ಕದ ಮ್ಯಾಲ ಬರದ ಅಂಕಿ ಹಂಗ ಇರತೈತಿ, ಅದರೊಳಗಿನ ಜ್ವಾಳ ಮಾತ್ರ ವರ್ಷಕ್ಕಿಷ್ಟು ಸೋರಿ ಹೋಗತಾವ.

ಈ ಸೋರಿಕಿಯನ್ನ ಲೆಕ್ಕ ಹಾಕಿದ ಮೊದಲಿನವರೊಳಗ ಒಬ್ಬ ಇಂಗ್ಲೆಂಡಿನ ಪಾದ್ರಿ, ವಿಲಿಯಂ ಫ್ಲೀಟ್‌ವುಡ್. 1707ರಾಗ ಒಂದು ಪುಸ್ತಕ ಬರದ. ಅದರ ಹಿಂದಿನ ಕಾರಣ ಭಾಳ ಮಜಾ ಐತಿ. ಅಲ್ಲಿಯ ಒಂದು ಕಾಲೇಜಿನಾಗ 1440ರ ಸುಮಾರಿಗೆ ಒಂದು ಕಟ್ಟಳಿ ಮಾಡಿದ್ರಂತ: ವರ್ಷಕ್ಕ 5 ಪೌಂಡಿಗಿಂತ ಹೆಚ್ಚು ಆದಾಯ ಇದ್ದವರು ಕಾಲೇಜಿನ ಸವಲತ್ತು ಬಿಡಬೇಕು. ಎರಡೂವರಿ ನೂರು ವರ್ಷ ಆದ ಮ್ಯಾಲೂ 5 ಪೌಂಡ್ ಅಂದ್ರ 5 ಪೌಂಡೇ ಏನು? ಫ್ಲೀಟ್‌ವುಡ್ ಹಳೆ ದಫ್ತರದಾಗ ಕಾಳು, ಮಾಂಸ, ಕುಡಿಯೋದು, ಅರಿವಿ, ಇವುಗಳ ದರ ಹುಡುಕಿ ಹುಡುಕಿ ಬರಕೊಂಡ. ಆಗಿನ 5 ಪೌಂಡಿನ ಬಾಳಿಗೆ ಈಗ 28ರಿಂದ 30 ಪೌಂಡ್ ಬೇಕು ಅಂತ ತೋರಿಸಿದ. ಅಂದ್ರ ಅವ ರೊಕ್ಕ ಎಣಿಸಲಿಲ್ಲ, ಆ ರೊಕ್ಕಕ್ಕ ಏನೇನು ಬರತಿತ್ತು ಅನ್ನೋದನ್ನ ಎಣಿಸಿದ. ಮುಂದ 1871ರಾಗ ಜರ್ಮನಿಯ ಲಾಸ್ಪೇರ್ ಅನ್ನಾಂವ ಇದಕ್ಕ ಒಂದು ಸೂತ್ರನ ಕಟ್ಟಿಕೊಟ್ಟ: ಒಂದು ವರ್ಷದ ಸಂತಿ ಚೀಲ ತಗೊ, ಅದರಾಗಿನ ಸಾಮಾನು ಅಷ್ಟನ್ನೂ ಹಂಗ ಇಡು, ಅದ ಚೀಲ ತುಂಬಾಕ ಇವತ್ತ ಎಷ್ಟು ಬೀಳತೈತಿ ನೋಡು. ಇವತ್ತಿಗೂ ನಮ್ಮ ಸರ್ಕಾರ ಮಾಡೋದು ಹೆಚ್ಚು ಕಡಿಮಿ ಇದನ್ನ. ತಕರಾರೆಲ್ಲ ಒಂದ ಮಾತಿಂದು: ಅದು ಯಾರ ಚೀಲ? ಯಾವ ವರ್ಷದ ಚೀಲ?

ನಮ್ಮ ಕಡೆ ಈ ಕೆಲಸ ಸುರು ಆಗಿದ್ದು ಮುಂಬೈದಾಗ. ಆಗ ಮುಂಡರಗಿ, ಗದಗ ಎಲ್ಲಾ ಧಾರವಾಡ ಜಿಲ್ಲಾ, ಧಾರವಾಡ ಮುಂಬೈ ಪ್ರಾಂತದಾಗ. 1956ರ ತನಕ ನಮಗ ಸರ್ಕಾರ ಅಂದ್ರ ಮುಂಬೈನ. ಮೊದಲ ಮಹಾಯುದ್ಧದ ಹೊತ್ತಿನಾಗ ದರ ಕೈ ಮೀರಿ ಏರಿದ್ವು, ಗಿರಣಿ ಕೆಲಸಗಾರರು ಮುಷ್ಕರ ಹೂಡಿದ್ರು. 1921ರಾಗ ಮುಂಬೈ ಸರ್ಕಾರ ಲೇಬರ್ ಆಫೀಸ್ ಅಂತ ತೆಗೆದು, ತಿಂಗಳಾ ತಿಂಗಳಾ ಕೆಲಸಗಾರರ ಜೀವನ ವೆಚ್ಚದ ಸೂಚ್ಯಂಕ ಅಚ್ಚು ಹಾಕಾಕ ಹತ್ತಿತು. ಯುದ್ಧದ ಮೊದಲಿನ 1914ರ ಜುಲೈ ತಿಂಗಳನ್ನ 100 ಅಂತ ಹಿಡದ್ರು. ಆಮ್ಯಾಲ 1933-34ರ ದರವನ್ನ 100 ಅಂತ ಹಿಡದು ಹೊಸಾದು ಮಾಡಿದ್ರು.

ಆ 1933-34ರ ಚೀಲನ ಮುಂದ ಜಗಳಕ್ಕ ಮೂಲ ಆತು. ಅದನ್ನ ಹಿಡಕೊಂಡ 1960 ದಾಟಿದ ಮ್ಯಾಲೂ ಮುಂಬೈ ಗಿರಣಿಯವರ ತುಟ್ಟಿಭತ್ಯೆ ಎಣಿಸತಿದ್ರು. ಸಂತ್ಯಾಗ ದರ ಏರಿದ್ರೂ ಕಾಗದದಾಗ ಏರವಲ್ದು ಅಂತ ಕೆಲಸಗಾರರು 1963ರಾಗ ಬೀದಿಗೆ ಇಳದ್ರು. ಸರ್ಕಾರ ಅರ್ಥಶಾಸ್ತ್ರಜ್ಞ ಲಕ್ಡಾವಾಲಾ ಅವರ ಸಮಿತಿ ನೇಮಿಸಿತು. ಸಮಿತಿ ಪರೀಕ್ಷೆ ಮಾಡಿದಾಗ ಲೆಕ್ಕದಾಗ ತಪ್ಪು ಇದ್ದದ್ದು ಖರೇನ ಅಂತ ಹೊರಬಿತ್ತು, ಸೂಚ್ಯಂಕ ತಿದ್ದಿದ್ರು. ಅಂಕಿ ತಿದ್ದಿದ್ರ ಪಗಾರ ತಿದ್ದಬೇಕಾಗತೈತಿ. ಅದಕ್ಕ ನಾ ಅಂತೀನಿ, ಇದು ಬರೇ ಲೆಕ್ಕದ ಮಾತಲ್ಲ, ಊಟದ ಗಂಗಾಳದ ಮಾತು.

ಇದರ ನಡುವ ನಮ್ಮ ನಾಡಿನ ಒಬ್ಬರ ಹೆಸರು ಬರತೈತಿ. ಬೆನಗಲ್ ನರಸಿಂಗ ರಾವ್, ಕರಾವಳಿ ಕಡೆಯವರು. ಸಂವಿಧಾನ ಬರಿಯೋವಾಗ ಸಲಹೆಗಾರರಾಗಿದ್ರಲ್ಲ, ಅವರ. 1940ರಾಗ ಎರಡನೇ ಮಹಾಯುದ್ಧದಿಂದ ದರ ಏರಾಕ ಹತ್ತಿದಾಗ, ರೇಲ್ವೆ ನೌಕರರಿಗೆ ತುಟ್ಟಿಭತ್ಯೆ ಕೊಡಬೇಕೇನು, ಎಷ್ಟು ಕೊಡಬೇಕು ಅಂತ ವಿಚಾರ ಮಾಡಿದ ನ್ಯಾಯಮಂಡಳಿಗೆ ಅವರ ಅಧ್ಯಕ್ಷರು. ಒಂದೊಂದು ಪ್ರಾಂತ ತನಗ ತಿಳದಂಗ ಅಳದ್ರ ಆಗೂದಿಲ್ಲ, ಜೀವನ ವೆಚ್ಚದ ಸೂಚ್ಯಂಕದ ಜವಾಬ್ದಾರಿ ಕೇಂದ್ರ ಸರ್ಕಾರ ತಗೋಬೇಕು ಅಂದ್ರು. ಅದಕ್ಕ ಒಂದು ಕಚೇರಿ ಆತು. 1946ರಾಗ ಅದ ಲೇಬರ್ ಬ್ಯೂರೋ ಆತು. ಇವತ್ತ ನಮ್ಮ ಅತ್ತಿಯವರ ತುಟ್ಟಿಭತ್ಯೆಯ ಬೇರು ಅಲ್ಲೇ ಐತಿ.

ತುಟ್ಟಿಭತ್ಯೆ ಅನ್ನೋ ಶಬ್ದ ನೋಡ್ರಿ. ಬೆಂಗಳೂರು ಕಡೆಯವರು ಮಾತಿನಾಗ ದುಬಾರಿ, ಬೆಲೆಯೇರಿಕೆ ಅಂತಾರ. ತುಟ್ಟಿ ನಮ್ಮ ಬಾಯಾಗಿನ ಮಾತು. ಸರ್ಕಾರದ ಆದೇಶದಾಗೂ ಅದ ಕುಂತೈತಿ. ಓದಿದಾಗೊಮ್ಮೆ ನನಗ ತವರಿನವರು ಸಿಕ್ಕಂಗ ಆಗತೈತಿ.

ಲೇಬರ್ ಬ್ಯೂರೋದವರು 1958-59ರಾಗ ದೇಶದ 50 ಕೇಂದ್ರದಾಗ ಕೆಲಸಗಾರರ ಮನಿಮನಿಗೆ ಹೋಗಿ ಖರ್ಚು ಬರಕೊಂಡ್ರು. ಕಾರ್ಖಾನಿ ಊರು, ಗಣಿ ಊರು, ಚಾ ಕಾಫಿ ತೋಟದ ಊರು. ನಮ್ಮ ರಾಜ್ಯದಿಂದ ಬೆಂಗಳೂರು, ಕೋಲಾರದ ಚಿನ್ನದ ಗಣಿ ಇಂಥವು ಇದ್ದವು. 1960 ಅಂದ್ರ 100 ಅಂತ ಆತು. ಅಷ್ಟೊತ್ತಿಗೆ ನಯಾಪೈಸೆ ಬಂದಿತ್ತು, ಕಿಲೋ ಲೀಟರ್ ಬರಾಕ ಹತ್ತಿದ್ವು. ಒಂದು ಊರಿನ ಸೇರಿಗೂ ಇನ್ನೊಂದು ಊರಿನ ಸೇರಿಗೂ ಫರಕು ಇದ್ದ ಕಾಲದಾಗ ದರ ಹೋಲಿಸೋದು ಎಷ್ಟು ತ್ರಾಸ ಇದ್ದೀತು ಅಂತ ವಿಚಾರ ಮಾಡ್ರಿ.

1960ರ ಚೀಲ ಹಳೇದಾತು ಅಂತ 1982ರ ಚೀಲ ಬಂತು, 70 ಕೇಂದ್ರ ಆದವು. ಬೆಳಗಾವಿ, ಹುಬ್ಬಳ್ಳಿ-ಧಾರವಾಡ ಇದರಾಗ ಸೇರಿದ್ವು. ಆಮ್ಯಾಲ 2001ರ ಚೀಲ, 78 ಕೇಂದ್ರ. ಈಗಿಂದು 2016ರ ಚೀಲ, 88 ಕೇಂದ್ರ. ಇದು 2020ರ ಅಕ್ಟೋಬರ್‌ದಾಗ ಹೊರಬಿತ್ತು. ನಮಗ ಹತ್ತಿರದ ಕೇಂದ್ರ ಹುಬ್ಬಳ್ಳಿ-ಧಾರವಾಡನ. ಅಂದ್ರ ನಮ್ಮ ಅತ್ತಿಯವರ ಪಿಂಚಣಿ ಏರೋದು ಮುಂಡರಗಿ ಸಂತಿ ದರ ನೋಡಿ ಅಲ್ಲ. ದೇಶದ 88 ಊರಿನ ಕಾರ್ಖಾನಿ, ಗಣಿ, ತೋಟದ ಕೆಲಸಗಾರರ ಮನಿ ಖರ್ಚು ನೋಡಿ.

ಚೀಲ ಬದಲಾದಂಗ ಒಳಗಿನ ಸಾಮಾನೂ ಬದಲಾಗತೈತಿ. ಅತ್ತಿಯವರು 1982ರಿಂದ ಇಟ್ಟ ಖರ್ಚಿನ ವಹಿ ಟ್ರಂಕಿನಾಗ ಅದಾವ. ತೆಗೆದು ನೋಡಿದೆ. ಚಿಮಣಿ ಎಣ್ಣಿ, ಇದ್ದಿಲು, ರೇಡಿಯೋ ಸೆಲ್, ಅಂತರ್ದೇಶಿ ಪತ್ರ, ನೀಲಿ, ಸೋಡಾ. ಈಗಿನ ನನ್ನ ವಹಿಯಾಗ ಗ್ಯಾಸ್, ಮೊಬೈಲಿಗೆ ಕರೆನ್ಸಿ, ಟ್ಯೂಷನ್, ಶುಗರ್ ಗುಳಗಿ, ನೀರಿನ ಕ್ಯಾನು. ಹಳೆ ವಹಿಯ ಸಾಮಾನಿನ ದರ ಹಿಡಕೊಂಡ ಇವತ್ತಿನ ತುಟ್ಟಿ ಅಳದ್ರ ಹೆಂಗ ಆದೀತು? ಅದಕ್ಕ ಚೀಲ ಬದಲಿ ಮಾಡಲೇಬೇಕು. ಆದ್ರ ಬದಲಿ ಮಾಡೋವಾಗ ಒಂದು ಸೂಕ್ಷ್ಮ ಐತಿ, ಅದನ್ನ ತೂಕ ಅಂತಾರ. ಮನಿ ಖರ್ಚಿನ ನೂರು ರೂಪಾಯಿಯೊಳಗ ಊಟಕ್ಕ ಎಷ್ಟು, ಬಾಡಗಿಗೆ ಎಷ್ಟು, ಅರಿವಿಗೆ ಎಷ್ಟು ಅನ್ನೋದು ತೂಕ.

ಕೆಲಸಗಾರರ ಸೂಚ್ಯಂಕದಾಗ ಊಟದ ತೂಕ 1960ರಾಗ ನೂರಕ್ಕ ಸುಮಾರು 61 ಇತ್ತು. 1982ರಾಗ 57. 2001ರಾಗ 46.2. 2016ರ ಚೀಲದಾಗ ಸುಮಾರು 39. ಹೊಟ್ಟಿ ಸಣ್ಣದಾತು ಅಂತಲ್ಲ. ಆದಾಯ ಏರಿದಂಗ ಊಟದ ಪಾಲು ಕಮ್ಮಿ ಆಗತೈತಿ, ಬ್ಯಾರೆ ಖರ್ಚು ಬೆಳೀತಾವ. ಇದನ್ನ 1857ರಾಗ ಎಂಗೆಲ್ ಅನ್ನೋ ಜರ್ಮನ್ ಲೆಕ್ಕಿಗ ತೋರಿಸಿದ್ದ.

ತೂಕದಿಂದ ಎಷ್ಟು ಫರಕು ಬೀಳತೈತಿ ಅಂತ ಒಂದು ಸಣ್ಣ ಲೆಕ್ಕ ಮಾಡೋಣ್ರಿ, ಇದು ಬರೇ ಉದಾಹರಣಿ. ಊಟದ ಸಾಮಾನು ನೂರಕ್ಕ 10 ಏರಿದ್ವು, ಉಳದದ್ದು ನೂರಕ್ಕ 2 ಏರಿತು ಅಂತ ಹಿಡೀರಿ. ನೂರಕ್ಕ 60 ಊಟಕ್ಕ ಹಾಕೋ ಮನಿಗೆ ತುಟ್ಟಿ: 6 ಮತ್ತ 80 ಪೈಸೆ, ಅಂದ್ರ 6.8. ಊಟಕ್ಕ 37 ಹಾಕೋ ಮನಿಗೆ: 3.70 ಮತ್ತ 1.26, ಅಂದ್ರ ಸುಮಾರು 5. ಅದ ಸಂತಿ, ಅದ ದರ. ಬಡವರ ಮನ್ಯಾಗ 6.8, ಅನುಕೂಲಸ್ಥರ ಮನ್ಯಾಗ 5. ಟಿವಿಯವರು ಹೇಳೋದು ಎಲ್ಲಾರನ್ನೂ ಕೂಡಿಸಿದ ಸರಾಸರಿ. ರೊಟ್ಟಿ ಅಕ್ಕ "ಎಲ್ಲಿ ಇಳದೈತ್ರಿ" ಅಂದದ್ದು ತಿಳುವಳಿಕಿ ಇಲ್ಲದ ಮಾತಲ್ಲ. ಆಕಿ ಚೀಲ ಬ್ಯಾರೆ, ಅಷ್ಟ.

ಹಂಗಾದ್ರ ಹೊಲದಾಗ ದುಡಿಯೋರ ಚೀಲ ಎಲ್ಲಿ? ಅವರಿಗೂ ಒಂದು ಐತಿ. ಕೃಷಿ ಕಾರ್ಮಿಕರ ಸೂಚ್ಯಂಕ. 1960-61ರ ಚೀಲ ಹೋಗಿ 1986-87ರ ಚೀಲ ಬಂತು, 20 ರಾಜ್ಯದ 600 ಹಳ್ಳಿ ದರ ಹಿಡದು. ಅದು ಜಾರಿಗೆ ಬಂದದ್ದ 1995ರಾಗ. ಅದರ ತೂಕ ಮಾತ್ರ 1983ರ ಖರ್ಚಿನ ಸಮೀಕ್ಷೆಯಿಂದ ತಗೊಂಡದ್ದು, ಊಟಕ್ಕ ನೂರಕ್ಕ 69 ಚಿಲ್ಲರೆ. ಈ ಚೀಲ ಯಾವಾಗ ಬದಲಿ ಆತು ಗೊತ್ತೇನ್ರಿ? 2025ರಾಗ. 2019 ಅಂದ್ರ 100 ಅನ್ನೋ ಹೊಸ ಸರಣಿ ಆ ವರ್ಷ ಜುಲೈದಾಗ ಬಂತು, 787 ಹಳ್ಳಿ ಆದವು. ಕಾರ್ಖಾನಿಯವರ ಚೀಲ ನಡುವ ಎರಡು ಸಲ ಬದಲಾತು, ಹೊಲದವರ ಚೀಲ ಹಂಗ ಉಳೀತು. 1983ರಾಗ ಹುಟ್ಟಿದ ಕೂಸು ಲಗ್ನ ಆಗಿ, ತನ್ನ ಮಗಳನ್ನ ಕಾಲೇಜಿಗೆ ಕಳಿಸೋ ತನಕ ಅದ ಚೀಲ.

ಇದರಿಂದ ಏನಾತು ಅಂದ್ರ, ಉದ್ಯೋಗ ಖಾತ್ರಿ ಕೂಲಿಯನ್ನ 2011ರಿಂದ ಇದ ಸೂಚ್ಯಂಕಕ್ಕ ಗಂಟ ಹಾಕಿದ್ರು. ನಮ್ಮ ರಾಜ್ಯದಾಗ 2011ರಾಗ ದಿನಕ್ಕ 125 ರೂಪಾಯಿ ಇದ್ದದ್ದು 2025-26ಕ್ಕ 370 ಆತು. ಏರಿದ್ದು ಖರೆ. ಆದ್ರ ನಡುವ 2018-19ರಾಗ 249 ಇದ್ದದ್ದು ಮರುವರ್ಷನೂ 249 ಉಳೀತು, ಒಂದು ರೂಪಾಯಿ ಏರಲಿಲ್ಲ. ಆ ಹೊತ್ತಿನಾಗ ಊಟದ ಸಾಮಾನಿನ ದರ ಭಾಳ ಏರಿರಲಿಲ್ಲ. ಊಟದ ತೂಕ 69 ಇದ್ದ ಚೀಲಕ್ಕ ಜ್ವಾಳ, ಬ್ಯಾಳಿ ನಿಂತ್ರ ತುಟ್ಟಿನೂ ನಿಂತಂಗ. ಆ ಹೆಣ್ಣಮಕ್ಕಳ ಮನ್ಯಾಗ ಅಷ್ಟೊತ್ತಿಗೆ ದವಾಖಾನಿ, ಸಾಲಿ, ಮೊಬೈಲಿನ ಖರ್ಚು ಎಷ್ಟು ಬೆಳದಿತ್ತು ಅಂತ ಚೀಲಕ್ಕ ಹೆಂಗ ಗೊತ್ತಾಗಬೇಕು? ಅದು ಇನ್ನೂ 1983ರಾಗ ಕುಂತಿತ್ತು. ಊಟದ ತೂಕ ಹೆಚ್ಚಿದ್ರ ಬಡವರಿಗೆ ಯಾವಾಗಲೂ ಚಲೋ ಅಂತ ನಾ ಮೊದಲು ತಿಳಕೊಂಡಿದ್ದೆ. ಹಂಗೇನಿಲ್ಲ. ಊಟ ತುಟ್ಟಿ ಆದಾಗ ಚಲೋ, ಬ್ಯಾರೆದ್ದು ತುಟ್ಟಿ ಆದಾಗ ಲುಕ್ಸಾನು. ಬೇಕಾದದ್ದು ಹೆಚ್ಚಿನ ತೂಕ ಅಲ್ಲ, ಖರೆ ತೂಕ.

ಇನ್ನ ಪೇಪರಿನಾಗ ಬರೋ ಹಣದುಬ್ಬರದ ಕತಿ. ನಾ ಲಗ್ನ ಆಗಿ ಬಂದ ಹೊತ್ತಿನಾಗ ವಾರಕ್ಕೊಮ್ಮೆ ಹಣದುಬ್ಬರ ಇಷ್ಟು ಅಂತ ಬರತಿತ್ತು. ಅದು ಸಗಟು ದರದ ಸೂಚ್ಯಂಕ, 1942ರ ಜನವರಿಯಿಂದ ಬಂದದ್ದು. ಅದರಾಗ ಕಬ್ಬಿಣ, ರಾಸಾಯನಿಕ, ಯಂತ್ರ ಎಲ್ಲಾ ಇರತಾವ. ಬಸ್ ಚಾರ್ಜು, ಡಾಕ್ಟರ ಫೀ, ಸಾಲಿ ಫೀ, ಮನಿ ಬಾಡಗಿ ಇರೂದಿಲ್ಲ. ನಮ್ಮ ಅಡಗಿಮನಿಗೂ ಅದಕ್ಕೂ ಅಷ್ಟಕ್ಕಷ್ಟ. ದೇಶಕ್ಕೆಲ್ಲಾ ಕೂಡಿ ಹಳ್ಳಿ-ಪ್ಯಾಟಿ ಇಬ್ಬರದೂ ಒಂದು ಗ್ರಾಹಕ ಸೂಚ್ಯಂಕ ಬಂದದ್ದು 2011ರ ಜನವರಿಯಿಂದ. 310 ಪ್ಯಾಟಿ, 1181 ಹಳ್ಳಿ. ಹಳ್ಳಿ ದರ ಬರಕೊಂಡು ಕಳಸೋ ಕೆಲಸ ಆಗ ಅಂಚೆ ಇಲಾಖೆಗೆ ಕೊಟ್ಟಿದ್ರು. ಕಾಗದ ಹಂಚೋರ ಅಂಗಡಿಗೆ ಹೋಗಿ ದರ ಕೇಳಿ ಬರಕೊಳ್ಳೋರು. 2014ರಿಂದ ರಿಸರ್ವ್ ಬ್ಯಾಂಕ್ ಸಗಟು ಬಿಟ್ಟು ಈ ಸೂಚ್ಯಂಕ ನೋಡಾಕ ಹತ್ತಿತು. 2016ರಾಗ ಕಾಯ್ದೆನ ಆತು: ತುಟ್ಟಿ ನೂರಕ್ಕ 4ರ ಹತ್ತಿರ ಇರಬೇಕು, ಎರಡು ಹೆಚ್ಚು ಎರಡು ಕಮ್ಮಿ ನಡೀತೈತಿ. ನಮ್ಮ ಮನಿ ಸಾಲದ ಬಡ್ಡಿ ಏರೋದು ಇಳಿಯೋದು ಇದರ ಮ್ಯಾಲ.

ದರ ಬರಕೊಳ್ಳೋದು ಸರಳ ಅಂತ ತಿಳೀಬ್ಯಾಡ್ರಿ. ಗೊತ್ತಾದ ಅಂಗಡಿ, ಗೊತ್ತಾದ ದಿನ, ಅದ ನಮೂನಿ ಸಾಮಾನು. ಬಿಸ್ಕೀಟ್ ಪುಡಾ 5 ರೂಪಾಯಿಗೆ ನಿಂತು ಒಳಗ ಎರಡು ಬಿಸ್ಕೀಟ್ ಕಮ್ಮಿ ಆದ್ರ ಅದೂ ತುಟ್ಟಿನ. ಅದಕ್ಕ ತೂಕ ನೋಡಿ ಬರಕೋಬೇಕು. ಅಂಗಡಿ ಮುಚ್ಚಿದ್ರ ಅಂಥದ ಇನ್ನೊಂದು ಅಂಗಡಿ ಹುಡುಕಬೇಕು.

2015ರಾಗ ಈ ಚೀಲಕ್ಕ 2012ರ ಹೊಸ ಆಧಾರ ಬಂತು, 299 ಸಾಮಾನು. ಊಟದ ತೂಕ ನೂರಕ್ಕ 45.86. ಹಳ್ಳಿಯವರದಷ್ಟ ನೋಡಿದ್ರ 54.18. ಮತ್ತ ಹಳ್ಳಿ ಚೀಲದಾಗ ಮನಿ ಬಾಡಗಿ ಅನ್ನೋದ ಇರಲಿಲ್ಲ, ಹಳ್ಯಾಗ ಯಾರು ಬಾಡಗಿ ಇರತಾರ ಅನ್ನೋ ಲೆಕ್ಕ. ಈ ವರ್ಷ, 2026ರ ಫೆಬ್ರುವರಿ 12ಕ್ಕ, ಮತ್ತ ಹೊಸ ಚೀಲ ಬಂದೈತಿ. 2024 ಅಂದ್ರ 100. 358 ಸಾಮಾನು. ಹಳ್ಳಿ ಬಾಡಗಿನೂ ಸೇರೈತಿ. ರೇಡಿಯೋ, ಟೇಪ್ ರೆಕಾರ್ಡರ್ ಹೊರಗ ಹೋಗ್ಯಾವ, ಮೊಬೈಲಿನಾಗ ಸಿನಿಮಾ ನೋಡೋ ರೊಕ್ಕ ಒಳಗ ಬಂದೈತಿ. ಊಟದ ತೂಕ 36.75ಕ್ಕ ಇಳದೈತಿ. ಇದಕ್ಕ ಆಧಾರ 2023-24ರ ಮನಿ ಖರ್ಚಿನ ಸಮೀಕ್ಷೆ. ಅದರ ಪ್ರಕಾರ ಹಳ್ಳಿ ಮನ್ಯಾಗ ನೂರಕ್ಕ 47, ಪ್ಯಾಟಿ ಮನ್ಯಾಗ ಸುಮಾರು 40 ಊಟಕ್ಕ ಹೋಗತೈತಿ. 1999-2000ರಾಗ ಹಳ್ಯಾಗ ಇದು 59 ಇತ್ತು.

ಇದೆಲ್ಲಾ ತಿಳಕೊಂಡ ಮ್ಯಾಲ ಲೆಕ್ಕಕ್ಕ ಕುಂತೆ. ಕೆಲಸಗಾರರ ಸೂಚ್ಯಂಕ 2021ರ ಡಿಸೆಂಬರ್‌ದಾಗ 125.4. 2025ರ ಜೂನ್‌ದಾಗ 145.0. ಜುಲೈ ತುಟ್ಟಿಭತ್ಯೆಗೆ ಜೂನ್ ತನಕದ ಅಂಕಿ ಹಿಡೀತಾರ, ಅದಕ್ಕ ನಾನೂ ಜೂನ್ ಹಿಡದೆ. 1500ನ್ನ 145ರಿಂದ ಗುಣಿಸಿ 125.4ರಿಂದ ಭಾಗಿಸಿದ್ರ 1734. ಅಂದ್ರ 1734 ಕೊಟ್ರ ನಾ ಏರಿಸಿದಂಗ ಅಲ್ಲ, ಮೊದಲಿನಷ್ಟ ಕೊಟ್ಟಂಗ. ನಾ 1500 ಕೊಡೋದು ಅಂದ್ರ ವರ್ಷಾ ವರ್ಷಾ ಆಕಿ ಪಗಾರ ಕಡೀತಾ ಬಂದಂಗ. ಬಾಯಿಂದ ಹೇಳಲಿಲ್ಲ, ಕೈಯಿಂದ ಕಡದೆ.

ಹಂಗ ಇನ್ನೊಂದು ಲೆಕ್ಕನೂ ಮಾಡಿದೆ. ಗೃಹಲಕ್ಷ್ಮಿ 2000 ಸುರು ಆದದ್ದು 2023ರ ಆಗಸ್ಟ್‌ದಾಗ. ಆಗ ಸೂಚ್ಯಂಕ 139.2. ಆಗಿನ ದರದಾಗ ನೋಡಿದ್ರ 2025ರ ಜೂನ್‌ದಾಗ ಬಂದ 2000ದ ಕಿಮ್ಮತ್ತು 1920. ಅಂಕಿ ಹಂಗ ಐತಿ, ಒಳಗಿಂದ 80 ರೂಪಾಯಿ ಸೋರೈತಿ. ವೃದ್ಧಾಪ್ಯ ವೇತನದಾಗ 60ರಿಂದ 79ರ ವಯಸ್ಸಿನವರಿಗೆ ಕೇಂದ್ರದ ಪಾಲು ಎರಡು ದಶಕದಿಂದ 200 ರೂಪಾಯಿನ ಐತಿ. ನೌಕರರಿಗೆ, ಪಿಂಚಣಿಯವರಿಗೆ ಸೂಚ್ಯಂಕದ ಗಂಟು ಐತಿ. ಅದಿಲ್ಲದವರಿಗೆ ಯಾರರ ನೆನಪಿಟ್ಟು ಏರಿಸಬೇಕು.

1960ರ ತನಕ ಹಿಂದ ಹೋದ್ರ? ಹೊಸ ಚೀಲಕ್ಕೂ ಹಳೆ ಚೀಲಕ್ಕೂ ಜೋಡಿಸೋ ಅಂಕಿ ಸರ್ಕಾರನ ಕೊಟ್ಟೈತಿ: 2.88, 4.63, 4.93. 145ನ್ನ ಈ ಮೂರರಿಂದನೂ ಗುಣಿಸಿದ್ರ 9532. 1960ರಾಗ ಒಂದು ರೂಪಾಯಿಗೆ ನಡೀತಿದ್ದ ಖರ್ಚಿಗೆ 2025ರಾಗ 95 ರೂಪಾಯಿ. ಅತ್ತಿಯವರಿಗೆ ಹೇಳಿದೆ. "ನಾ ಆಗ ರೂಪಾಯಿನ ನೋಡಿರಲಿಲ್ಲವ್ವ, ಆಣೆ ನೋಡಿದ್ದೆ" ಅಂದು ನಕ್ಕರು.

ಆಮ್ಯಾಲ ರೊಟ್ಟಿ ಅಕ್ಕನ್ನ ಕುಂದರಿಸಿ ಕೇಳಿದೆ, "ಯಕ್ಕ, ನಿನ್ನ ನೂರು ರೂಪಾಯಿ ಎಲ್ಲೆಲ್ಲಿ ಹೋಗತೈತಿ ಹೇಳು." ಆಕಿ ಬೊಟ್ಟ ಮಡಚಿ ಎಣಿಸಿದಳು. ರೇಶನ್ ಅಕ್ಕಿ ಪುಕ್ಕಟೆ ಬರತೈತಿ, ಬಸ್ಸೂ ಪುಕ್ಕಟೆ. ಆದ್ರ ಜ್ವಾಳ, ಎಣ್ಣಿ, ಬ್ಯಾಳಿ, ಕಾಯಿಪಲ್ಲೆ, ಹಾಲು ಕೂಡಿ ಅರ್ಧಕ್ಕಿಂತ ಹೆಚ್ಚು. ಬಾಡಗಿ ಕಾಲು ಭಾಗ. ಉಳದದ್ದು ಗುಳಗಿ, ಕರೆಂಟು, ಮೊಮ್ಮಗಳ ಸಾಲಿ. ಅರಿವಿ ಅನ್ನೋದು ಬರಲೇ ಇಲ್ಲ. "ಅರಿವಿಗೆ?" ಅಂತ ಕೇಳಿದೆ. "ನೀವು ಕೊಟ್ಟದ್ದ ಉಡತೀನಲ್ರಿ" ಅಂದಳು. ಯಾವ ಸಮೀಕ್ಷೆಯವರಿಗೂ ಈ ಸಾಲು ಹೆಂಗ ಬರಕೋಬೇಕು ಅಂತ ತಿಳೀಲಿಕ್ಕಿಲ್ಲ.

ನಾ 1750 ಮಾಡೋಣ ಅಂತಿದ್ದೆ. ಅತ್ತಿಯವರು ಒಳಗಿಂದ ಅಂದ್ರು, "ಸರ್ಕಾರ ನನಗ ಆದೇಶ ತಡಾ ಮಾಡಿದ್ರ ಬಾಕಿ ಕೂಡಿಸಿ ಕೊಡತೈತಿ. ನಾಕ್ ವರ್ಷ ತಡಾ ಮಾಡಿದ್ದು ನೀನು. ಆಕಿ ಬಾಕಿ ಯಾರು ಕೊಡಬೇಕು?" ನನ್ನ ಬಾಯಿ ಕಟ್ಟಿತು. ಡಿಸೆಂಬರ್‌ದಿಂದ 2000 ಮಾಡಿದೆ. ಬಾಕಿ ಲೆಕ್ಕ ಹಾಕಿ ಮೂರು ಕಂತು ಮಾಡೀನಿ. ಎರಡು ಕೊಟ್ಟೀನಿ, ಕಡೀದು ಯುಗಾದಿಗೆ. ಇನ್ನ ಮ್ಯಾಲ ಪ್ರತಿ ಜುಲೈಕ್ಕ ಅತ್ತಿಯವರ ತುಟ್ಟಿಭತ್ಯೆ ನೋಡೋ ದಿನನ ಆಕಿದೂ ನೋಡೋದು ಅಂತ ಗ್ವಾಡಿ ಕ್ಯಾಲೆಂಡರಿನ ಮ್ಯಾಲ ಬರದೀನಿ.

ಅಕ್ಕಾರ, ವೈನಿಯಾರ, ನಿಮ್ಮ ಮನಿಗೂ ಯಾರರ ಕೆಲಸಕ್ಕ ಬರತಿದ್ರ ಈ ಲೆಕ್ಕ ನೀವೂ ಮಾಡಿ ನೋಡ್ರಿ. ಪಗಾರ ಗೊತ್ತು ಮಾಡಿದ ತಿಂಗಳ ಸೂಚ್ಯಂಕ, ಈಗಿನ ಸೂಚ್ಯಂಕ, ಎರಡು ಅಂಕಿ ಸಾಕು. ಪಗಾರವನ್ನ ಈಗಿನದರಿಂದ ಗುಣಿಸ್ರಿ, ಆಗಿನದರಿಂದ ಭಾಗಿಸ್ರಿ. ಬಂದದ್ದು ಏರಿಕಿ ಅಲ್ಲ, ಸಮಾ. ಅದರ ಮ್ಯಾಲ ಕೊಟ್ರ ಏರಿಕಿ. ಎರಡೂ ಅಂಕಿ ಒಂದ ಸರಣಿದು ಇರಬೇಕು, ಹಳೆ ಚೀಲದ್ದೊಂದು ಹೊಸ ಚೀಲದ್ದೊಂದು ಹಿಡದ್ರ ಲೆಕ್ಕ ತಪ್ಪತೈತಿ.

ಮತ್ತ ಮನ್ಯಾಗ ಹಳೆ ಖರ್ಚಿನ ವಹಿ ಇದ್ರ ರದ್ದಿಗೆ ಹಾಕಬ್ಯಾಡ್ರಿ. ಫ್ಲೀಟ್‌ವುಡ್ ಪಾದ್ರಿಗೆ ಬೇಕಾಗಿದ್ದೂ ಅಂಥವ ವಹಿ.